ಪೆನ್ನಿಗೆ ತುಂಬಬಾರದ ಶಾಯಿ

ತೋಡೂರು
21 ಏಪ್ರಿಲ್ 2024

ಮಧುಕರ ಮಾವನಿಗೆ,

ಎಲ್ಲರೂ ಕ್ಷೇಮ ಎಂಬ ಸುಳ್ಳಿನಿಂದ ಕಾಗದ ಶುರು ಮಾಡುವುದನ್ನು ನಾನು ಬಿಟ್ಟಿದ್ದೇನೆ. ಒಂದು ಪ್ರಶ್ನೆಯಿದೆ. ಅಂಕೋಲೆಯಲ್ಲಿ ಇಷ್ಟು ವರ್ಷ ಡ್ರಾಯಿಂಗ್ ಮಾಸ್ತರರಾಗಿ ಸಂಬಳ ತೆಗೆದುಕೊಂಡವರು ನೀವು, ಗೊತ್ತಿರಬೇಕು ಎಂದುಕೊಂಡು ಕೇಳುತ್ತಿದ್ದೇನೆ. ಬೇರೆ ಕಾರಣವಿಲ್ಲ.

ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬಹುದೇ?

ಪ್ರತಿ ಭಾನುವಾರ ಬಸ್‌ಸ್ಟಾಪಿನ ಗೋಡೆಗೆ ಅಂಟಿಸುವ ನನ್ನ ಕೈಬರಹದ ಪತ್ರಿಕೆ ‘ಎದುರುಗಾಳಿ’ಯನ್ನು ನಿಮ್ಮ ಕರಿ ಪೆನ್ನಿನಲ್ಲೇ ಬರೆಯುತ್ತಿದ್ದೇನೆ. ಮೊನ್ನೆಯ ಅಡ್ಡಮಳೆಗೆ ಇಡೀ ಸಂಚಿಕೆ ತೊಳೆದುಹೋಯಿತು. ನೀಲಿ ಶಾಯಿ ಗೋಡೆಯುದ್ದಕ್ಕೂ ಇಳಿದು, ಕಾರವಾರದ ಬಸ್ಸು ಕಾಯುತ್ತ ಗೋಡೆಗೆ ಒರಗಿ ನಿಂತವರ ಅಂಗಿಗೆ ಹತ್ತಿ, ಊರವರಿಂದ ಬೈಗುಳ ತಿಂದೆ. ತೊಳೆದುಹೋದದ್ದು ಯಾವ ಸಂಚಿಕೆ ಗೊತ್ತೇ? ನಮ್ಮ ಕಾಲೊನಿಯ ಹಳೆ ಬಾವಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ನಾಣ್ಯ ಹಾಕಿದರೆ ನೀರು ಕೊಡುವ ಘಟಕ ಕೂರಿಸುವ ಸಂಚಿನ ಬಗ್ಗೆ ಬರೆದದ್ದು. ಬಾವಿ ಉಪ್ಪಾಗಿದೆ ಎಂದು ಗುತ್ತಿಗೆದಾರನ ಜನ ಮನೆಮನೆಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಕೈಯಲ್ಲಿ ಒಂದು ವರದಿಯೂ ಇದೆ, ಅವನೇ ಮಾಡಿಸಿದ್ದು. ಬಾವಿ ಉಪ್ಪಾಗಿಲ್ಲ. ದಿನಾ ಕುಡಿಯುವ ನಮಗೆ ಗೊತ್ತಿಲ್ಲವೇ? ನೀರು ಮಾರಬೇಕೆಂದವನು ಮೊದಲು ಇರುವ ನೀರಿಗೆ ಕೆಟ್ಟ ಹೆಸರು ಹಚ್ಚುತ್ತಾನೆ. ಇದನ್ನು ನಾನು ಹೋರಾಟದ ಪುಸ್ತಿಕೆಯಲ್ಲಿ ಓದಿದ್ದೆ, ಈಗ ಕಣ್ಣಿಂದ ನೋಡುತ್ತಿದ್ದೇನೆ.

ನನಗೆ ಮಳೆಗೆ ಹೋಗದ ಶಾಯಿ ಬೇಕು. ಮಡಗಾಂವದಲ್ಲಿ ಒಂದು ಹಳೆ ಅಂಗಡಿ ಮುಚ್ಚುವಾಗ ಪತ್ರಿಕೆಯಲ್ಲಿ ನನ್ನ ಜೊತೆಗಾರನಾದ ಕೇಣಿಯ ರೂಪೇಶ ಒಂದು ಬಾಟಲಿ ತಂದುಕೊಟ್ಟಿದ್ದಾನೆ. ಯಾವ ದೇಶದ್ದೋ ತಿಳಿಯದು. ಚೀಟಿಯ ಮೇಲೆ ಕೊಕ್ಕರೆಯ ಚಿತ್ರ, ನನಗೆ ಓದಲು ಬಾರದ ಲಿಪಿ, ಕೆಳಗೆ ಇಂಗ್ಲಿಷಿನಲ್ಲಿ ಡ್ರಾಯಿಂಗ್ ಇಂಕ್ ಎಂದಷ್ಟೇ ಇದೆ. ಪೆನ್ನಿಗೆ ಆಗುತ್ತದೋ ಇಲ್ಲವೋ, ಒಂದು ಸಾಲು ಬರೆದರೆ ಸಾಕು. ಉಪದೇಶ ಬೇಡ.

ಕಂಡಕ್ಟರ್ ಸೋಮುವಿನ ಬಸ್ಸಿನಲ್ಲಿ ನೀವು ಕಳಿಸಿದ ನೀರಿನ ಕ್ಯಾನು ವಾಪಸ್ಸು ಬರುತ್ತದೆ. ಖಾಲಿ ಕಳಿಸಿಲ್ಲ. ಒಳಗಿದ್ದದ್ದನ್ನು ತೆಂಗಿನ ಬುಡಕ್ಕೆ ಹೊಯ್ದು, ನಮ್ಮ ಬಾವಿಯ ನೀರು ತುಂಬಿದ್ದೇನೆ. ಕುಡಿಯಿರಿ, ಆಮೇಲೆ ಮಾತಾಡಿ.

ಮಾನಸಾ


ಅಂಕೋಲಾ
25 ಏಪ್ರಿಲ್ 2024

ಮಾನಸಾ,

ತುಂಬಬಾರದು. ಒಂದು ಸಾಲು ಕೇಳಿದ್ದೀ, ಕೊಟ್ಟಿದ್ದೇನೆ. ಉಳಿದದ್ದನ್ನು ಓದದಿದ್ದರೂ ಪರವಾಗಿಲ್ಲ, ನೀನು ಓದುವುದು ಕರಪತ್ರ ಮಾತ್ರ ಎಂದು ನನಗೆ ಗೊತ್ತಿದೆ.

ಡ್ರಾಯಿಂಗ್ ಇಂಕಿಗೆ ಅರಗು ಕರಗಿಸಿ ಹಾಕುತ್ತಾರೆ. ಅದಕ್ಕೇ ಅದು ನೀರಿಗೆ ಜಗ್ಗುವುದಿಲ್ಲ. ಅದ್ದಿ ಬರೆಯುವ ನಿಬ್ಬಿಗೆ ತೊಂದರೆಯಿಲ್ಲ, ಒರೆಸಿದರೆ ಹೋಯಿತು. ಪೆನ್ನಿನೊಳಗೆ ಹೋದರೆ ನಿಬ್ಬಿನ ಕೆಳಗಿನ ನಾಲಿಗೆಯ ಸಣ್ಣ ಗೀರುಗಳಲ್ಲಿ ಒಣಗಿ ಕಲ್ಲಾಗುತ್ತದೆ. ಆಮೇಲೆ ಆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡಬಹುದು, ಅಷ್ಟೇ ಉಪಯೋಗ. ‘ನಿಮ್ಮ ಕರಿ ಪೆನ್ನು’ ಎಂದು ಬರೆದಿದ್ದೀಯಲ್ಲ, ಆ ಮಾತು ನೆನಪಿರಲಿ. ನೀನು ಪಿಯುಸಿ ಪಾಸಾದಾಗ ನಾನು ಅದನ್ನು ಕೊಡಲಿಲ್ಲ, ಬರೆಯಲು ಬಿಟ್ಟೆ. ನಾನು ಆರ್ಟ್ ಮಾಸ್ತರ್ ಪರೀಕ್ಷೆ ಬರೆದ ಪೆನ್ನು. ಗಟ್ಟಿ ರಬ್ಬರಿನ ಅಂಥ ಎಬೊನೈಟ್ ಪೆನ್ನನ್ನು ಈಗ ಯಾರೂ ಕಡೆಯುವುದಿಲ್ಲ.

ನಿನ್ನ ಬಾವಿಯ ನೀರನ್ನು ಒಂದು ಗುಟುಕು ಕುಡಿದೆ. ಉಪ್ಪು. ಇನ್ನೊಂದು ಗುಟುಕು ಕುಡಿಯಲಿಲ್ಲ. ಕ್ಯಾನು ನನ್ನ ಕೋಣೆಯ ಮೂಲೆಯಲ್ಲಿದೆ, ಬಂದಾಗ ತೆಗೆದುಕೊಂಡು ಹೋಗು.

ಯುಗಾದಿಗೆ ಬಂದಾಗ ಅಕ್ಕನ ಕಾಲು ನೋಡಿದೆ. ಬಾತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಊರಿನ ಬಾವಿ ಉಳಿಸುವವಳಿಗೆ ಮನೆಯಲ್ಲಿ ಹೆತ್ತ ಆಯಿಯ ಕಾಲು ಕಾಣುವುದಿಲ್ಲವೇ? ಅವಳಿಗೆ ಆ ನೀರು ಕುಡಿಸಬೇಡ. ಇನ್ನೆರಡು ಕ್ಯಾನು ಕಳಿಸುತ್ತಿದ್ದೇನೆ, ತೆಂಗಿಗೆ ಹೊಯ್ದರೆ ನಾನೇ ಬಂದು ನಿನ್ನನ್ನು ಹೊಯ್ಯುತ್ತೇನೆ.

ಮತ್ತೆ, ಮೊದಲೆಲ್ಲ ‘ಮಾವಾ, ನೀನು’ ಎನ್ನುತ್ತಿದ್ದವಳು ಈಗ ‘ನೀವು’ ಎನ್ನುತ್ತೀ. ಮರ್ಯಾದೆ ಎಂದು ಯಾರೂ ಮೋಸ ಹೋಗುವುದಿಲ್ಲ.

ಮಧುಕರ


ತೋಡೂರು
30 ಏಪ್ರಿಲ್ 2024

ಮಧುಕರ ಮಾವನಿಗೆ,

ನೀವು ಬಾಟಲಿ ನೋಡಿಲ್ಲ. ಮುಚ್ಚಳ ತೆಗೆದು ಮೂಸಿಲ್ಲ. ಚೀಟಿಯ ಮೇಲಿನ ಒಂದು ಪದ ಕೇಳಿ ಒಳಗೆ ಅರಗಿದೆ ಎಂದು ತೀರ್ಪು ಕೊಟ್ಟಿರಿ. ಗುತ್ತಿಗೆದಾರನೂ ಹೀಗೇ, ಬಾವಿಗೆ ಹಗ್ಗ ಇಳಿಸದೆಯೇ ನೀರು ಉಪ್ಪು ಎಂದ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತಿರಾ?

ನಿಮ್ಮ ಆಕ್ಷೇಪ ಶಾಯಿಗೋ, ಪತ್ರಿಕೆಗೋ? ಈ ಪ್ರಶ್ನೆ ಕೇಳುವ ಹಕ್ಕು ನನಗಿದೆ. ‘ಎದುರುಗಾಳಿ’ಯ ಮೊದಲ ಸಂಚಿಕೆ ಕಳಿಸಿದಾಗ ನೀವು ಅದರ ವಿಷಯ ಬಿಟ್ಟು ಅಕ್ಷರದ ಓರೆಕೋರೆ ಮಾತ್ರ ತಿದ್ದಿ ವಾಪಸ್ಸು ಕಳಿಸಿದಿರಿ. ನೀವು ಕಳಿಸುವ ಕ್ಯಾನಿನ ಮೇಲೆ ಯಾರ ಹೆಸರಿದೆ ನೋಡಿದಿರಾ? ಇಲ್ಲಿ ಘಟಕ ಹಾಕಲು ಬಂದವನದೇ. ನಮ್ಮ ಮನೆ ಬಾಗಿಲಲ್ಲಿ ಆ ಕ್ಯಾನು ಇದ್ದರೆ ಕಾಲೊನಿಯವರು ನನ್ನ ಪತ್ರಿಕೆಯ ಒಂದು ಅಕ್ಷರವನ್ನಾದರೂ ನಂಬುತ್ತಾರೆಯೇ? ಅವು ಬಂದ ದಿನವೇ ಸೋಮುವಿನ ಕೈಯಲ್ಲಿ ತಿರುಗಿ ಹೋದವು. ಅವನೂ ರೇಗಿದ: “ಅಕ್ಕೋರೆ, ನಾ ಟಿಕೆಟ್ ಹರಿಯೂಕೆ ಇದ್ದವ್ನೋ ನೀರು ಹೊರೂಕೆ ಇದ್ದವ್ನೋ? ನಿಮ್ಮ ಮಾವ ಹತ್ತಸ್ತಾರೆ, ನೀವು ಇಳ್ಸೂಕೇ ಬಿಡೂದಿಲ್ಲ.”

ಅಂಕೋಲೆಯ ನಲ್ಲಿ ನೀರಿಗೆ ಒಗ್ಗಿದ ನಿಮ್ಮ ನಾಲಿಗೆಗೆ ನಮ್ಮ ಬಾವಿ ಉಪ್ಪೆನಿಸಿದರೆ ಅದು ನಿಮ್ಮ ನಾಲಿಗೆಯ ಸಮಸ್ಯೆ. ಆಯಿ ಅದೇ ನೀರು ಕುಡಿಯುತ್ತಾಳೆ, ನಾನೂ ಕುಡಿಯುತ್ತೇನೆ. ಇಡೀ ದಿನ ಸಮುದ್ರದಂಚಿನ ಗಜನಿ ಗದ್ದೆಯ ಕೆಸರಲ್ಲಿ ನಿಂತರೆ ಯಾರ ಕಾಲಾದರೂ ಬಾತುಕೊಳ್ಳುತ್ತದೆ. ನೀವು ನಿಂತಿಲ್ಲ, ನಿಮಗೆ ಗೊತ್ತಾಗುವುದಿಲ್ಲ.

ಶಾಯಿಯಲ್ಲಿ ಅರಗಿದೆ ಎಂಬುದಕ್ಕೆ ಪುರಾವೆ ಕೊಡಿ. ಇಲ್ಲವಾದರೆ ಸುಮ್ಮನಿರಿ.

ಮಾನಸಾ


ಅಂಕೋಲಾ
6 ಮೇ 2024

ಮಾನಸಾ,

ಪುರಾವೆ ನನ್ನ ಹತ್ತಿರ ಇಲ್ಲ, ನಿನ್ನ ಬಾಟಲಿಯಲ್ಲಿದೆ. ಒಂದು ಗಾಜಿನ ತುಂಡಿನ ಮೇಲೆ ಎರಡು ಹನಿ ಹಾಕಿ ಬಿಸಿಲಿಗಿಡು. ಒಣಗಿದ ಮೇಲೆ ಉಗುರಿನಿಂದ ಕೆರೆ. ಸಿಪ್ಪೆಯ ಹಾಗೆ ಹೊಳೆಯುತ್ತ ಎದ್ದು ಬಂದರೆ ಅರಗು. ಪುಡಿಯಾಗಿ ಕೈಗೆ ಹತ್ತಿದರೆ ಬರೀ ಕಾಡಿಗೆ. ಪುಡಿಯಾದರೂ ತುಂಬು ಎಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದ ಶಾಯಿ ಗೊತ್ತಿಲ್ಲದ ಔಷಧಿಯ ಹಾಗೆ. ಆದರೂ ನೀನು ತುಂಬುತ್ತೀ, ನನಗೆ ಗೊತ್ತು. ತುಂಬಿದರೆ ವಾರಕ್ಕೊಮ್ಮೆಯಾದರೂ ಬಿಚ್ಚಿ ನೀರಲ್ಲಿ ತೊಳೆ.

ಗುತ್ತಿಗೆದಾರ ನನ್ನ ಸಂಬಂಧಿಕನಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಸಿಗುವ ಕ್ಯಾನು ಅದೊಂದೇ, ಅದಕ್ಕೇ ಅದನ್ನು ಕಳಿಸಿದೆ. ಹೆಸರು ಕಣ್ಣಿಗೆ ಚುಚ್ಚಿದರೆ ಚೀಟಿ ಹರಿದು ಹಾಕು, ಅದರ ಮೇಲೆ ನಿನ್ನ ‘ಎದುರುಗಾಳಿ’ಯನ್ನೇ ಅಂಟಿಸು, ಜಾಹೀರಾತಾಯಿತು. ಆದರೆ ಅಕ್ಕ ಅದನ್ನು ಕುಡಿಯಲಿ.

ಗಜನಿಯ ಮಾತೆತ್ತಿದ್ದೀ. ಹೋದ ಮಳೆಗಾಲದಲ್ಲಿ ಒಡ್ಡು ಒಡೆದು ಸಮುದ್ರದ ಭರತಿ ಗದ್ದೆಗೆ ನುಗ್ಗಿತು, ಯಾರೂ ಕಟ್ಟಲಿಲ್ಲ. ಅಕ್ಕ ಈ ಸಲ ಗದ್ದೆಗೆ ಇಳಿದೇ ಇಲ್ಲ, ಬಿತ್ತಲು ಗದ್ದೆಯೇ ಇರಲಿಲ್ಲ. ಮತ್ತೆ ಯಾವ ಕೆಸರಲ್ಲಿ ನಿಂತು ಬಾತಿತು ಕಾಲು?

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬರೆಯಬಾರದೆಂದು ಮಾತು ಕೊಟ್ಟಿದ್ದೇನೆ.

ಮಧುಕರ


ತೋಡೂರು
13 ಮೇ 2024

ಮಧುಕರ ಮಾವನಿಗೆ,

ಗೆದ್ದೆ.

ಗಾಜಿನ ಪರೀಕ್ಷೆ ಮಾಡಲಿಲ್ಲ. ಮಾಡುವ ಅಗತ್ಯವೇ ಇರಲಿಲ್ಲ. ಈಗ ಹೇಳುತ್ತೇನೆ ಕೇಳಿ: ನಿಮಗೆ ಮೊದಲ ಕಾಗದ ಬರೆದ ದಿನವೇ ಆ ಶಾಯಿ ತುಂಬಿಯಾಗಿತ್ತು. ಆ ಕಾಗದವನ್ನೇ ಅದರಲ್ಲಿ ಬರೆದದ್ದು. ಡ್ರಾಯಿಂಗ್ ಮಾಸ್ತರರಿಗೆ ಶಾಯಿಯ ಗುರುತು ಸಿಗಲಿಲ್ಲ! ಇವತ್ತಿನವರೆಗೆ ನಿಬ್ಬು ಒಮ್ಮೆಯೂ ಕಚ್ಚಿಲ್ಲ. ಕಾಡಿಗೆ ತೀಡಿದ ಹಾಗೆ ಕಪ್ಪಾಗಿ ಇಳಿಯುತ್ತದೆ. ಖಾಲಿಯಾದ ಹಾಗೆ ಡ್ರಾಪರಿನಲ್ಲಿ ತುಂಬುತ್ತ ಹೋದೆ, ಅಷ್ಟೇ.

ಮೊನ್ನೆ ಜೋರು ಮಳೆ ಬಂತು. ಗೋಡೆ ತೊಯ್ದು ಹೋಯಿತು, ಅಕ್ಷರ ಅಲುಗಲಿಲ್ಲ. ಬಸ್ಸು ಕಾಯುವವರೆಲ್ಲ ನಿಂತು ಓದಿದರು. ‘ನಮ್ಮ ಬಾವಿ ಸಿಹಿ, ಅವರ ವರದಿ ಸುಳ್ಳು’ ಎಂಬ ತಲೆಬರಹ. ಗುತ್ತಿಗೆದಾರನ ಮನುಷ್ಯನೊಬ್ಬ ಒದ್ದೆ ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದ. ಹೋಗಲಿಲ್ಲ. ನಾನು ಹಿಂದೆಯೇ ನಿಂತಿದ್ದೆ. “ಇನ್ನೂ ಜೋರಾಗಿ ಉಜ್ಜಿ, ಗೋಡೆ ಪಂಚಾಯತದ್ದು, ಹೋಗ್ಲಿ” ಅಂದೆ. ನಕ್ಕರು ಜನ.

ಆಯಿ ಪ್ರತಿ ಸಂಚಿಕೆ ಬಸ್‌ಸ್ಟಾಪಿಗೆ ನಡೆದುಹೋಗಿಯೇ ಓದುತ್ತಾಳೆ, ಮನೆಯಲ್ಲಿ ಓದಲು ಒಪ್ಪುವುದಿಲ್ಲ. “ಗೋಡೆ ಮೇಲೆ ಬಂದ್ಮೇಲೇ ಅದು ಪೇಪರ್ರು” ಅನ್ನುತ್ತಾಳೆ. ಈಗ ಬೇಕೆಂದೇ ದಿನಕ್ಕೆ ಎರಡು ತಂಬಿಗೆ ನೀರು ಹೆಚ್ಚು ಕುಡಿಯುತ್ತಿದ್ದಾಳೆ. ನೀವು ನೀರಿನ ಬಗ್ಗೆ ಇಷ್ಟು ಹಚ್ಚಿಕೊಟ್ಟರೂ ನಿಮ್ಮ ಅಕ್ಕ ನನ್ನ ಕಡೆ ಇದ್ದಾಳೆ.

ಮಾತು ಕೊಟ್ಟಿದ್ದೀರಂತೆ. ಯಾರಿಗೆ? ಕೇಳುವ ಮನಸ್ಸಿಲ್ಲ. ಹೇಳದೆ ಬಚ್ಚಿಟ್ಟು ಹೆದರಿಸುವುದು ಹಳೆಯ ಉಪಾಯ.

ಮಾನಸಾ


ಅಂಕೋಲಾ
17 ಮೇ 2024

ಮಾನಸಾ,

ನಿನ್ನ ಮೂರ್ಖತನವೂ ಆ ಶಾಯಿಯ ಹಾಗೆಯೇ, ಎಷ್ಟು ಮಳೆ ಸುರಿದರೂ ತೊಳೆಯುವುದಿಲ್ಲ.

ಪೆನ್ನು ನಡೆಯುತ್ತಿದೆ ಎಂದು ಕುಣಿಯಬೇಡ. ಕಟ್ಟಿಕೊಳ್ಳುವ ದಿನ ಬರುತ್ತದೆ. ಅಂದು ಅದನ್ನು ಬಿಸಿನೀರಿಗೆ ಹಾಕಿ ಇನ್ನಷ್ಟು ಹಾಳು ಮಾಡದೆ ನನಗೆ ಕಳಿಸು.

ಅಕ್ಕ ಎರಡು ತಂಬಿಗೆ ಹೆಚ್ಚು ಕುಡಿಯುತ್ತಾಳೆ ಎಂಬುದನ್ನು ಓದಿ ಕಾಗದವನ್ನು ಕೆಳಗಿಟ್ಟೆ. ಈ ತಿಂಗಳ ಮೊದಲಲ್ಲಿ ನಿನಗೆ ಮದುವೆ ಎಂದು ಹೇಳಿ ಅವಳು ಅಂಕೋಲೆಗೆ ಬಂದದ್ದು ಯಾವ ಮದುವೆಗೂ ಅಲ್ಲ. ಉಳಿದದ್ದನ್ನು ಅವಳ ಬಾಯಿಂದಲೇ ಕೇಳು. ಕೇಳಲು ಧೈರ್ಯ ಬೇಕು, ಕರಪತ್ರದಲ್ಲಿ ಅದು ಸಿಗುವುದಿಲ್ಲ.

ಮಧುಕರ


ತೋಡೂರು
23 ಮೇ 2024

ಮಧುಕರ ಮಾವನಿಗೆ,

ಪೆನ್ನನ್ನೂ ಬಾಟಲಿಯನ್ನೂ ಸೋಮುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದ ಬಾಲ್‌ಪೆನ್ನಿನಲ್ಲಿ ಬರೆದಿದ್ದೇನೆ, ನಗಬೇಕಿದ್ದರೆ ಈಗಲೇ ನಕ್ಕು ಮುಗಿಸಿ.

ಆದದ್ದು ಇಷ್ಟು. ನೀವು ಹೇಳಿದಿರಿ ಎಂದು ಭಾನುವಾರ ಮೊದಲ ಬಾರಿ ಪೆನ್ನು ಬಿಚ್ಚಿ ತೊಳೆದೆ. ಬಾವಿಯಿಂದ ಆಗತಾನೆ ಸೇದಿದ ಶುದ್ಧ ನೀರು, ಮೂರು ಸಲ ಬದಲಿಸಿದೆ. ಒರೆಸಿ ಒಣಗಿಸುವ ವ್ಯವಧಾನವಿರಲಿಲ್ಲ, ಹಸಿಹಸಿಯೇ ಶಾಯಿ ತುಂಬಿದೆ. ಒಂದು ಸಾಲು ಬರೆಯಿತು. ಆಮೇಲೆ ತೆಳ್ಳಗಾಯಿತು. ಮರುದಿನ ಸತ್ತಿತು. ನಿಬ್ಬಿನ ಬಾಯಲ್ಲಿ ರವೆಯ ಹಾಗೆ ಕರಿ ಕಾಳು. ತೊಳೆದಷ್ಟೂ ಕಾಳು ಹೆಚ್ಚಾಯಿತು.

ಅಂದರೆ ತೊಳೆಯದಿದ್ದಾಗ ಚೆನ್ನಾಗಿದ್ದ ಪೆನ್ನು, ನಿಮ್ಮ ಮಾತು ಕೇಳಿ ತೊಳೆದ ಮೇಲೆ ಕೆಟ್ಟಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಜೂನ್ ಎರಡನೆಯ ವಾರ ಗ್ರಾಮಸಭೆ. ಬಾವಿಯ ಗತಿ ಅಲ್ಲಿ ತೀರ್ಮಾನವಾಗುತ್ತದೆ. ಅದಕ್ಕೂ ಮೊದಲು ನನ್ನ ಪೆನ್ನು ನಿಲ್ಲಬೇಕಿತ್ತು, ನಿಂತಿತು. ಯಾರಿಗೆ ಲಾಭ?

ಆಯಿಯನ್ನು ಕೇಳಿದೆ. “ಮದುವೆಗಲ್ಲ, ನಿನ್ನ ಮಾವನ ಮನೆ ನೋಡೂಕೆ ಹೋಗಿದ್ದೆ” ಅಂದಳು. “ನಿನ್ನ ಮಾವಂಗೆ ಹೆಂಡತಿ ಇಲ್ಲ ಮಕ್ಕಳಿಲ್ಲ, ಹೆದರೂಕೆ ಯಾರಾದ್ರೂ ಬೇಕಲೆ, ಅದ್ಕೇ ನನ್ನ ಕಾಲು ಹಿಡ್ಕಂಡಿದ್ದ” ಎಂದು ನಕ್ಕಳು. ಅಷ್ಟೇ. ನೀವು ಕಟ್ಟಿದ ಭೂತ ಬಿದ್ದುಹೋಯಿತು.

ಭಾನುವಾರದೊಳಗೆ ಪೆನ್ನು ಬೇಕು.

ಮಾನಸಾ


ಅಂಕೋಲಾ
27 ಮೇ 2024

ಮಾನಸಾ,

ಈ ಕಾಗದವನ್ನು ನಿನ್ನ ಕೊಕ್ಕರೆ ಶಾಯಿಯಲ್ಲಿ ನನ್ನ ಪೆನ್ನಿನಿಂದ ಬರೆಯುತ್ತಿದ್ದೇನೆ. ಗಾಜಿನ ಮೇಲೆ ಹನಿ ಹಾಕಿ ಒಣಗಿಸಿದೆ. ಪುಡಿಯಾಯಿತು. ಅರಗಿಲ್ಲ. ನಾನು ಹೇಳಿದ್ದು ತಪ್ಪು. ಈ ವಾಕ್ಯವನ್ನು ಕತ್ತರಿಸಿ ನಿನ್ನ ಗೋಡೆಗೆ ಅಂಟಿಸಿಕೊಳ್ಳಬಹುದು.

ಪೆನ್ನಿನ ನಾಲಿಗೆ ಬಿಚ್ಚಿ ಇಲ್ಲಿಯ ನಲ್ಲಿ ನೀರಿನಲ್ಲಿ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಕಾಳೆಲ್ಲ ಹೋಯಿತು. ಹಸಿಯಾಗಿದ್ದಾಗಲೇ ಅದೇ ಶಾಯಿ ತುಂಬಿದೆ, ನೀನು ಮಾಡಿದ ಹಾಗೆಯೇ. ನಿನ್ನೆಯಿಂದ ಬರೆಯುತ್ತಿದೆ. ಹಾಗಾದರೆ ಶಾಯಿ ಸರಿ, ಪೆನ್ನು ಸರಿ, ತೊಳೆದದ್ದೂ ಸರಿ. ಉಳಿದದ್ದೇನು?

ನೀನು ಸೊಕ್ಕಿನಿಂದ ತುಂಬಿ ಕಳಿಸಿದ ಕ್ಯಾನು ಮೂಲೆಯಲ್ಲಿತ್ತು. ಎರಡು ಲೋಟ ತೆಗೆದುಕೊಂಡೆ. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ನಿನ್ನ ಬಾವಿಯದು. ಎರಡಕ್ಕೂ ಶಾಯಿ ಬಿಟ್ಟೆ. ನಲ್ಲಿ ನೀರಲ್ಲಿ ಹೊಗೆಯ ಹಾಗೆ ಹರಡಿ ಹಾಗೇ ನಿಂತಿತು. ಬಾವಿಯ ನೀರಲ್ಲಿ ಒಡೆದ ಹಾಲಿನ ಹಾಗೆ ಕಾಳುಕಟ್ಟಿ, ಚಹ ಕುಡಿದು ಬರುವುದರೊಳಗೆ ತಳಕ್ಕೆ ಕೂತಿತು. ಮೇಲೆ ಬರೀ ತಿಳಿನೀರು. ನಲ್ಲಿ ನೀರಿಗೇ ಸಾಣಿಕಟ್ಟೆ ಉಪ್ಪು ಒಂದು ಚಿಟಿಕೆ ಹಾಕಿ ನೋಡಿದೆ. ಅದೂ ಹಾಗೇ ಕಾಳುಕಟ್ಟಿತು.

ನನ್ನ ನಾಲಿಗೆಯನ್ನು ನೀನು ನಂಬುವುದಿಲ್ಲ. ಗುತ್ತಿಗೆದಾರನ ವರದಿಯನ್ನು ನಾನೂ ನಂಬುವುದಿಲ್ಲ. ಈ ಶಾಯಿ ಯಾರ ಪಕ್ಷದ್ದು ಹೇಳು?

ಇನ್ನು ಮಾತು ಮುರಿಯುತ್ತೇನೆ. ಅಕ್ಕ ಬಂದದ್ದು ಡಾಕ್ಟರ ಹತ್ತಿರ. ರಕ್ತದೊತ್ತಡ ಏರಿ ಕೂತಿದೆ, ಮಾತ್ರೆಗೆ ಇಳಿಯುತ್ತಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ಶುರುವಾಗಿದೆ, ಉಪ್ಪು ಪೂರ್ತಿ ಬಿಡದಿದ್ದರೆ ಇನ್ನು ಉಳಿಸುವುದು ಕಷ್ಟ ಎಂದರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದಳು. “ಅವಳ ಸಭೆ ಮುಗೀಲಿ” ಅಂದಳು. ಯುಗಾದಿಗೆ ನಾನು ಕಾಲು ನೋಡಿ ಹೇಳಿದಾಗಿನಿಂದಲೇ ಅವಳು ಗಂಜಿಗೆ ಉಪ್ಪು ಹಾಕುತ್ತಿಲ್ಲ, ಸಾರಿಗೂ ಹಾಕುತ್ತಿಲ್ಲ. ನೀನು ಅದನ್ನೇ ಉಣ್ಣುತ್ತಿದ್ದೀ. ಸಪ್ಪೆ ಎಂದು ಒಂದು ದಿನವಾದರೂ ಅನಿಸಿತೇ? ಅನಿಸಲಿಲ್ಲ, ಏಕೆಂದರೆ ಉಪ್ಪು ನೀರಲ್ಲೇ ಇತ್ತು.

ನೀರು ಬಿಡು ಎಂದು ನಾನು ಕೈಮುಗಿದು ಹೇಳಿದೆ. ಅವಳು ಹೇಳಿದ್ದು: “ಗೋಡೆ ಮೇಲೆ ನನ್ನ ಮಗಳು ಸಿಹಿ ಹೇಳಿ ಬರ್ದಾಳೆ. ನಾನೇ ಕ್ಯಾನ್ ನೀರು ಕುಡಿದ್ರೆ ಊರವ್ರು ಅವಳ ಮುಖಕ್ಕೆ ಉಗೀತ್ರು.” ನೀನು ಬರೆದೆ ಎಂದು ಅವಳು ಆ ನೀರು ಕುಡಿಯುತ್ತಿದ್ದಾಳೆ. ಓದಿದೆಯಾ? ಮತ್ತೊಮ್ಮೆ ಓದು.

ಬಾಟಲಿ ಕಳಿಸುತ್ತಿದ್ದೇನೆ, ಲೋಟದಲ್ಲಿ ನೀನೇ ಮಾಡಿ ನೋಡು. ಪೆನ್ನು ಕಳಿಸುವುದಿಲ್ಲ. ಅದರಲ್ಲಿ ನೀನು ಬರೆದದ್ದು ಸಾಕು.

ಮಧುಕರ


ಅಂಕೋಲಾ
1 ಜೂನ್ 2024

ಮಾನಸಾ,

ಉತ್ತರವಿಲ್ಲ. ಬೈದಾದರೂ ಬರೆ.

ಅಕ್ಕನಿಗೆ ಫೋನ್ ಮಾಡಿದೆ. “ಆರಾಮಿದ್ದೆ” ಅಂದು ಇಟ್ಟುಬಿಟ್ಟಳು. ಯಾವ ನೀರು ಕುಡಿಯುತ್ತಿದ್ದೀ ಎಂದು ಕೇಳುವಷ್ಟರಲ್ಲಿ ಇಟ್ಟಳು.

ಮಧುಕರ


ಅಂಕೋಲಾ
5 ಜೂನ್ 2024

ಮಾನಸಾ,

ಸೋಮುವನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. “ಮಾಸ್ತರ್ರೆ, ಭಾನುವಾರ ಗೋಡೆ ಮೇಲೆ ಎಂತದೂ ಇಲ್ಲಾಗಿತ್ತು. ಮೀನು ಬೀಳ್ದೆ ಗಾಳ ಎಳ್ಕಂಡ ಹಾಗೆ ಎಲ್ರೂ ಸುಮ್ಮಗೆ ಹತ್ತಿ ಕೂತ್ರು” ಎಂದ. ಗೋಡೆ ಖಾಲಿ ಬಿಟ್ಟಿದ್ದೀ. ಅಂದರೆ ಪರೀಕ್ಷೆ ಮಾಡಿ ನೋಡಿದ್ದೀ. ನೋಡಿ, ಸುಮ್ಮನಿದ್ದೀ.

ಸುಳ್ಳು ಬರೆಯುವವರನ್ನು ನೀನು ಬಯ್ಯುತ್ತಿದ್ದೆ. ಗೊತ್ತಿದ್ದೂ ಬರೆಯದಿರುವವರಿಗೆ ನಿನ್ನ ಪುಸ್ತಿಕೆಯಲ್ಲಿ ಏನೆನ್ನುತ್ತಾರೆ? ನಾನು ಎರಡು ದಿನ ಕಾಯುತ್ತೇನೆ. ಆಮೇಲೆ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ. ಬಾಗಿಲಲ್ಲಿ ಅಡ್ಡ ನಿಲ್ಲಬೇಡ.

ಮಧುಕರ


ತೋಡೂರು
10 ಜೂನ್ 2024

ಮಧುಕರ ಮಾವನಿಗೆ,

ನೀವು ಬಂದಿರಿ, ಆಯಿ ಬರುವುದಿಲ್ಲ ಎಂದಳು, ನೀವು ಅಂಗಳದಲ್ಲಿ ನಿಂತು ಕಿರುಚಿ ಹೋದಿರಿ. ಆವತ್ತು ನಾನು ಒಂದು ಮಾತೂ ಆಡಲಿಲ್ಲ. ಈಗ ಆಡುತ್ತೇನೆ. ನಡುವೆ ಬಾಯಿ ಹಾಕಲು ಆಗದ ಹಾಗೆ ಕಾಗದದಲ್ಲಿ.

ಹೌದು, ಪರೀಕ್ಷೆ ಮಾಡಿದೆ. ಒಂದು ಸಲವಲ್ಲ. ಲೋಟ ಜಿಡ್ಡಿತ್ತೇನೋ ಎಂದು ಬೂದಿ ಹಾಕಿ ತಿಕ್ಕಿ ಮತ್ತೆ ಮಾಡಿದೆ. ಮೇಲಿನ ನೀರೇನೋ ಎಂದು ಕೊಡಪಾನ ತಳದವರೆಗೆ ಇಳಿಸಿ ಸೇದಿ ಮಾಡಿದೆ. ಪ್ರತಿ ಸಲವೂ ಕಾಳುಕಟ್ಟಿತು. ಮಾಡಿನಿಂದ ಇಳಿದ ಮಳೆನೀರಲ್ಲಿ ಕಟ್ಟಲಿಲ್ಲ. ಅಡುಗೆಮನೆಯಲ್ಲಿ ಉಪ್ಪಿಡುವ ಮರಿಗೆಯನ್ನು ತೆಗೆದು ನೋಡಿದೆ. ಮೇಲಿನ ಹರಳು ಗಟ್ಟಿಯಾಗಿ ಜೇಡ ಬಲೆ ಕಟ್ಟಿತ್ತು.

ಸುಮ್ಮನಿದ್ದದ್ದು ಹೇಡಿತನಕ್ಕೆ ಎಂಬ ಅರ್ಥದಲ್ಲಿ ನೀವು ಬರೆದಿರಿ. ಅರ್ಧ ಸರಿ. ಇನ್ನರ್ಧ ಇದು: ಬಾವಿ ಉಪ್ಪಾಗಿದೆ ಎಂದು ನಾನು ಬರೆದ ಕ್ಷಣ ಗುತ್ತಿಗೆದಾರ ಚಪ್ಪಡಿ ತರಿಸುತ್ತಾನೆ. ಅವನು ಸುಳ್ಳನಾಗಿದ್ದರೆ ನನಗೆ ಎಷ್ಟು ಸುಲಭವಿತ್ತು! ಅವನು ಲಾಭಕ್ಕಾಗಿ ನಿಜ ಹೇಳಿದ. ನಾನು ನ್ಯಾಯಕ್ಕಾಗಿ ಸುಳ್ಳು ಬರೆದೆ. ಇಂಥದ್ದೊಂದು ಆಗಬಹುದು ಎಂದು ನಾನು ಓದಿದ ಯಾವ ಪುಸ್ತಿಕೆಯಲ್ಲೂ ಇಲ್ಲ.

ನೀವು ಬರುವ ಮೊದಲೇ ಆಯಿಗೆ ಹೇಳಿದೆ. ಎರಡು ಲೋಟವನ್ನೂ ಮುಂದಿಟ್ಟು ತೋರಿಸಿದೆ. ಬಗ್ಗಿ ನೋಡಿದಳು. “ಶಾಯಿ ಹಾಕಿರೆ ಯಾವ ನೀರಾದ್ರೂ ಕೆಡೂದೇ” ಅಂದಳು. ಮಳೆನೀರು ಕೆಟ್ಟಿಲ್ಲವಲ್ಲ ಎಂದೆ. “ಅದು ಮ್ಯಾಲಿನ ನೀರು, ಅದರ ಗುಣ ಬೇರೆ.” ಡಾಕ್ಟರು ಹೇಳಿದ್ದನ್ನು ಹೇಳಿದೆ. “ಮಧುಕರ ಹೇಳ್ಬಿಟ್ಟನಾ? ಅವನ ಹೊಟ್ಟೇಲಿ ಒಂದು ಮಾತು ನಿಲ್ಲೂದಿಲ್ಲ.” ಕೈಹಿಡಿದು, ಕುಡಿಯಬೇಡ ಎಂದೆ. ಅವಳು ನನ್ನ ಕೈ ಬಿಡಿಸಿಕೊಂಡಳು. “ನನ್ನ ಕಿವಿ ಹತ್ರ ಒಂದು, ಗೋಡೆ ಮೇಲೆ ಒಂದು ಬರ್ಯವ್ಳಾ ನೀನು? ಊರಿಗೆಲ್ಲ ಸಿಹಿ, ನಂಗೊಬ್ಳಿಗೆ ಉಪ್ಪಾ? ಉಪ್ಪಾದ್ರೆ ಗೋಡೆ ಮೇಲೆ ಬರೆ, ಆಗ ಬಿಡ್ತೆ.” ಬೇಕೆಂದೇ ಕೊಡಪಾನದಿಂದ ಬಗ್ಗಿಸಿಕೊಂಡು ನನ್ನೆದುರೇ ಒಂದು ಲೋಟ ಕುಡಿದಳು.

ನೀವು ಪೆನ್ನು ಇಟ್ಟುಕೊಂಡಿರಿ. ಬಿದಿರಿನ ಕಡ್ಡಿ ಚೂಪು ಮಾಡಿ ಅದ್ದಿ ಬರೆದೆ. ಅಕ್ಷರ ದಪ್ಪ ಬಂತು, ದೂರದಿಂದಲೇ ಕಾಣುವಷ್ಟು. ನಿನ್ನೆ ಭಾನುವಾರ ಅಂಟಿಸಿದೆ. ಬರೆದದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ, ನೀವು ಅಕ್ಷರ ತಿದ್ದುವ ಮೊದಲು ಅರ್ಥ ಓದಿ:

‘ನಮ್ಮ ಬಾವಿ ಉಪ್ಪಾಗಿದೆ. ಸಿಹಿ ಎಂದು ಈ ಗೋಡೆಯ ಮೇಲೆ ಬರೆದವಳು ನಾನು, ಅದು ತಪ್ಪು. ಯಾರೂ ಕುಡಿಯಬೇಡಿ. ನಂಬದವರು ಕಾಲೊನಿಯ ಕಟ್ಟೆಗೆ ಬನ್ನಿ, ಲೋಟದಲ್ಲಿ ತೋರಿಸುತ್ತೇನೆ. ಉಪ್ಪಾದದ್ದು ಒಡೆದ ಒಡ್ಡಿನಿಂದ. ಒಡ್ಡು ಕಟ್ಟಿದರೆ ಒಂದೆರಡು ಮಳೆಗೆ ಬಾವಿ ತಿರುಗಿ ಬರಬಹುದು. ಚಪ್ಪಡಿ ಮುಚ್ಚಿದರೆ ಎಂದೂ ಬರುವುದಿಲ್ಲ. ಗ್ರಾಮಸಭೆಯಲ್ಲಿ ಒಡ್ಡು ಕೇಳಿ, ಚಪ್ಪಡಿ ಬೇಡ ಎನ್ನಿ.’

ಒಡ್ಡಿನ ಮಾತನ್ನು ನೀವು ಮೇ ತಿಂಗಳಲ್ಲೇ ಬರೆದಿದ್ದಿರಿ. ನನ್ನನ್ನು ಚುಚ್ಚಲು ಬರೆದಿರಿ, ತಿಳಿಸಲು ಬರೆಯಲಿಲ್ಲ. ಅದಕ್ಕೇ ನಾನು ಓದಲಿಲ್ಲ. ನಿಮ್ಮ ನಿಜಕ್ಕೆ ಯಾವಾಗಲೂ ಒಂದು ಮುಳ್ಳು ಇರುತ್ತದೆ. ನನ್ನದಕ್ಕೂ ಇರಬಹುದು, ಅದು ಬೇರೆ ಮಾತು.

ಬೆಳಿಗ್ಗೆ ಜನ ಸೇರಿದರು. ಗುತ್ತಿಗೆದಾರನ ಮನುಷ್ಯ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಮೊದಲ ಎರಡು ಸಾಲನ್ನಷ್ಟೇ ಎಲ್ಲರಿಗೂ ಕಳಿಸಿದ. “ಏನ್ ಅಕ್ಕೋರೆ, ಮುಂದಿನ ವಾರ ಸಮುದ್ರ ಸಿಹಿ ಹೇಳಿ ಬರೀತ್ರಾ?” ಎಂದು ಒಬ್ಬ ಕೂಗಿದ. ನಕ್ಕರು. ಮೊದಲು ನನ್ನ ಜೊತೆ ಘೋಷಣೆ ಕೂಗಿದವರೇ ಹೆಚ್ಚು ನಕ್ಕರು. ರೂಪೇಶ ಕೇಣಿಯಿಂದ ಬಂದವನು, ಅಂಟಿಸುವ ಮೊದಲು ತನ್ನನ್ನು ಕೇಳಬೇಕಿತ್ತು ಎಂದು ಹೇಳಿ ಬೈಕು ತಿರುಗಿಸಿಕೊಂಡು ಹೋದ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರಾದರೂ ಹರಿಯಲು ಬಂದರೆ ಕೈ ಕಚ್ಚುವುದೆಂದು ತೀರ್ಮಾನಿಸಿದ್ದೆ.

ಆಯಿ ಬಂದಳು. ಅಷ್ಟು ದೂರ ನಡೆಯಲು ಅವಳಿಗೆ ಈಗ ಬಹಳ ಹೊತ್ತು ಬೇಕು. ಜನ ದಾರಿ ಬಿಟ್ಟರು, ಅವಳ ಮುಖ ನೋಡಲು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ತುಟಿ ಅಲ್ಲಾಡಿಸುತ್ತ. ಮುಗಿದ ಮೇಲೆ ತಿರುಗಿ ನಗುವವರನ್ನು ನೋಡಿದಳು.

“ಮೊದ್ಲು ಬರ್ದವ್ಳೂ ನನ್ನ ಮಗಳೇ, ಇದು ಬರ್ದವ್ಳೂ ನನ್ನ ಮಗಳೇ. ನಿಮ್ಮಲ್ಲಿ ಯಾರ್ಗಾರೂ ತಪ್ಪಾಯ್ತು ಹೇಳಿ ಬರ್ಯೂಕೆ ಬರ್ತದ್ಯಾ? ಬಂದ್ರೆ ಮುಂದೆ ಬನ್ನಿ, ಕಡ್ಡಿ ಅವಳ ಹತ್ರ ಅದೆ.”

ಯಾರೂ ಬರಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ಕಾಲೊನಿಯ ಕಟ್ಟೆಗೆ ಸಂಜೆಯವರೆಗೆ ಬಂದವರು ಸ್ವಲ್ಪ ಜನ. ನೋಡಿದರು, ಹೋದರು. ಗ್ರಾಮಸಭೆಯಲ್ಲಿ ಸೋಲುತ್ತೇನೋ ಏನೋ. ಸೋತರೂ ಒಡ್ಡಿನ ಮಾತು ಬಿಡುವುದಿಲ್ಲ, ಚಪ್ಪಡಿಯ ಮೇಲೆ ಕೂತು ಕೇಳುತ್ತೇನೆ. ನೀವು ಕ್ಯಾನು ಕಳಿಸಿ. ಬೇಡಿಕೊಳ್ಳುತ್ತಿಲ್ಲ, ಆಯಿಗೆ ಬೇಕು ಅಷ್ಟೇ. ಅವನ ಹೆಸರಿನ ಚೀಟಿ ಹರಿದು ಕಳಿಸಿ. ಪೆನ್ನು ನಿಮ್ಮಲ್ಲೇ ಇರಲಿ, ಕಡ್ಡಿ ಚೆನ್ನಾಗಿ ನಡೆಯುತ್ತಿದೆ. ಮತ್ತೆ, ನೀವು ಗೆದ್ದಿರಿ ಎಂದು ಬರೆಯಬೇಡಿ. ಬರೆದರೆ ಓದದೆ ಒಲೆಗೆ ಹಾಕುತ್ತೇನೆ.

ಒಂದು ಮಾತು ಮಾತ್ರ ನಿಮಗೆ ತಿಳಿಸಲೇಬೇಕು. ಬಸ್‌ಸ್ಟಾಪಿನಿಂದ ಮನೆಗೆ ಬಂದವಳು ಆಯಿ ಚಪ್ಪಲಿ ಬಿಡುವ ಮೊದಲೇ ಬಾವಿ ನೀರಿನ ಕೊಡಪಾನ ಎತ್ತಿದಳು. ದಾಸವಾಳದ ಗಿಡ ಎದುರಿಗೇ ಇತ್ತು, ಯಾವಾಗಲೂ ಉಳಿದ ನೀರನ್ನು ಅದರ ಬುಡಕ್ಕೇ ಹಾಕುವವಳು. ಈ ಸಲ ಅದನ್ನು ದಾಟಿ ಬೇಲಿಯವರೆಗೆ ಹೋಗಿ ಆಚೆ ರಸ್ತೆಗೆ ಚೆಲ್ಲಿದಳು.

ಮಾನಸಾ